ಅಡಿಕೆ ವಖಾರಿಯಲ್ಲಿ ಲಿಬ್ರೆಆಫೀಸ್: ಕೆಲವು ವರ್ಷ ಬಳಸಿದ ಮೇಲೆ

ಶಿರಸಿಯಲ್ಲಿ ನಮ್ಮದು ಸಣ್ಣ ಅಡಿಕೆ ವಖಾರಿ. ಇರುವುದು ಮೂರು ಕಂಪ್ಯೂಟರ್. ಎರಡರಲ್ಲಿ ಪುಕ್ಕಟೆ ಸಿಗುವ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್, ಒಂದರಲ್ಲಿ ದುಡ್ಡು ಕೊಟ್ಟು ಹಾಕಿಸಿದ ಎಕ್ಸೆಲ್. ಬೇಕೆಂದೇ ಹೀಗೆ ಇಟ್ಟುಕೊಂಡಿದ್ದೇವೆ. ಖಾತೆಗೆ ಟ್ಯಾಲಿ ಬೇರೆ ಇದೆ, ಅದರ ಮಾತು ಇಲ್ಲಿ ಬೇಡ.

ಗೂಗಲ್ ಶೀಟ್ಸ್ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಮಳೆಗಾಲದಲ್ಲಿ ಒಮ್ಮೆ ನಮ್ಮ ಕಡೆ ಬಂದು ನೋಡಿ. ಮರ ಬಿದ್ದು ಲೈನ್ ಹೋದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆಫ್‌ಲೈನ್ ಸೌಲಭ್ಯ ಇದೆ ನಿಜ, ಆದರೆ ಅದನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಫೈಲ್ ನಮ್ಮ ಕಂಪ್ಯೂಟರಿನಲ್ಲೇ ಇದ್ದರೆ ಯುಪಿಎಸ್ ಇರುವಷ್ಟು ಹೊತ್ತು ಕೆಲಸ ನಡೆಯುತ್ತದೆ. ಲಿಬ್ರೆಆಫೀಸ್ ಹಾಕಿದ ಕೂಡಲೇ ಕೆಲಸವನ್ನು ತಾನಾಗಿಯೇ ಉಳಿಸಿಡುವ ಆಟೋರಿಕವರಿಯ 10 ನಿಮಿಷವನ್ನು 2ಕ್ಕೆ ಇಳಿಸಿಬಿಡಿ. ಇಲ್ಲಿ 10 ನಿಮಿಷ ತೀರಾ ಜಾಸ್ತಿ.

ನಮ್ಮ ಮುಖ್ಯ ಕೆಲಸ ಬಿಕರಿ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗೆ ತಕ್ಕಂತೆ ಲಾಟ್ ಲಾಟ್ ಬೇರೆ. ತೂಕ, ದರ, ಹಮಾಲಿ, ಕೊನೆಗೆ ನಿಕ್ಕಿ ಮೊತ್ತ. 237 ಕಿಲೋ, ಕ್ವಿಂಟಾಲಿಗೆ 48,500 ಅಂದರೆ 1,14,945 ರೂಪಾಯಿ. ಇದು 114,945 ಅಂತ ಪ್ರಿಂಟ್ ಆದರೆ ಪಟ್ಟಿ ಹಿಡಿದ ಹಿರಿಯರು ಕನ್ನಡಕ ಸರಿಮಾಡಿಕೊಂಡು ‘ಇದೆಷ್ಟೋ ತಮಾ?’ ಅಂತ ಕೇಳುತ್ತಾರೆ. ಆಪ್ಶನ್ಸ್‌ನಲ್ಲಿ ಲೊಕೇಲ್ (ಯಾವ ದೇಶದ ರೂಢಿ ಎಂಬುದು) ಇಂಡಿಯಾ ಅಂತ ಕೊಟ್ಟರೆ ಲಕ್ಷದ ಕಾಮಾ ಸರಿಯಾಗಿ ಬೀಳುತ್ತದೆ. ಪಟ್ಟಿಯನ್ನು ಪಿಡಿಎಫ್ ಮಾಡಲು ಮೇಲೆ ಒಂದು ಬಟನ್ ಇದೆ, ಒತ್ತಿ ವಾಟ್ಸಾಪಿಗೆ ಕಳಿಸಿದರೆ ಮುಗಿಯಿತು.

ಕನ್ನಡದ ವಿಷಯಕ್ಕೆ ಸ್ವಲ್ಪ ತಾಳ್ಮೆ ಬೇಕು. ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಇನ್ನೊಂದು ಅಂತ ಲೆಕ್ಕ ಇಡುತ್ತದೆ. ಸ್ಟೈಲ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೂ ಕನ್ನಡ ಅಷ್ಟೇ ಸಣ್ಣದಾಗಿ ಕೂತಿರುತ್ತದೆ. ‘ಕಾಂಪ್ಲೆಕ್ಸ್ ಟೆಕ್ಸ್ಟ್’ ಎಂಬ ಕಡೆ ಹೋಗಿ ಅದಕ್ಕೂ ಬೇರೆಯಾಗಿ ಫಾಂಟ್, ಅಳತೆ ಕೊಡಬೇಕು. ನಾವು ನಿರ್ಮಲಾ ಯುಐ ಇಟ್ಟಿದ್ದೇವೆ. ಹಳೆಯ ನುಡಿ ಫಾಂಟಿನ ಪತ್ರಗಳು ಬಂದರೆ, ಫಾಂಟ್ ಹಾಕಿಕೊಂಡಿದ್ದರೆ ಓದಲಿಕ್ಕೆ ಬರುತ್ತದೆ. ಆದರೆ ಈಗಿನ ಟೈಪಿಂಗ್ ಪದ್ಧತಿಯಾದ ಯೂನಿಕೋಡ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಅದು ಎಕ್ಸೆಲ್‌ನಲ್ಲೂ ಅಷ್ಟೇ, ಸುಮ್ನೆ ಇದನ್ನೊಂದನ್ನೇ ಬೈಯುವುದು ಬೇಡ.

ಹಾಗಾದರೆ ಆ ಒಂದು ಎಕ್ಸೆಲ್ ಯಾಕೆ? ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನಿನ ಆಫ್‌ಲೈನ್ ಫೈಲ್‌ಗಾಗಿ. ಅದು ಮ್ಯಾಕ್ರೋ (ಫೈಲಿನೊಳಗೇ ಓಡುವ ಸಣ್ಣ ಪ್ರೋಗ್ರಾಂ) ಇರುವ ಎಕ್ಸೆಲ್ ಫೈಲ್, ಎಕ್ಸೆಲ್‌ಗೆಂದೇ ಮಾಡಿದ್ದು. ಲಿಬ್ರೆಆಫೀಸ್ ನಂಬಿ ಅದನ್ನು ತುಂಬಲು ಕೂರಬೇಡಿ. ನಿಮ್ಮ ರಿಟರ್ನ್ ಎಲ್ಲವನ್ನೂ ಆಡಿಟರೇ ನೋಡಿಕೊಳ್ಳುತ್ತಾರೆ ಅಂದರೆ ಈ ಖರ್ಚೂ ಉಳಿಯುತ್ತದೆ. ಕೊಳ್ಳುವ ಮುಂಚೆ ಅವರನ್ನು ಒಂದು ಮಾತು ಕೇಳಿ.

ಬೇರೆಯವರಿಗೆ ಫೈಲ್ ಕಳಿಸುವುದಿದ್ದರೆ ಸೇವ್ ಮಾಡುವ ರೂಪವನ್ನು ಎಕ್ಸೆಲಿನ ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಒಮ್ಮೆ ಬದಲಿಸಿಡಿ. ಇಲ್ಲದಿದ್ದರೆ ಲಿಬ್ರೆಆಫೀಸಿನ ಸ್ವಂತ ರೂಪವಾದ ಓಡಿಎಸ್ ಹೋಗುತ್ತದೆ, ಆಮೇಲೆ ‘ತೆರೀತಾ ಇಲ್ಲ’ ಅಂತ ಫೋನ್ ಬರುತ್ತದೆ. ಇಳಿಸಿಕೊಳ್ಳುವಾಗ ಹೆಸರು ನೋಡಿಕೊಳ್ಳಿ. ಓಪನ್‌ಆಫೀಸ್ ಬೇರೆ, 2010ರಲ್ಲಿ ಅದರಿಂದ ಕವಲೊಡೆದದ್ದು ಲಿಬ್ರೆಆಫೀಸ್. ಓಪನ್‌ಆಫೀಸ್ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲನ್ನು ತೆರೆಯುತ್ತದೆ, ಆದರೆ ಅದೇ ರೂಪದಲ್ಲಿ ಸೇವ್ ಮಾಡುವುದಿಲ್ಲ.