ಎ.ಎ. ಮೀಟಿಂಗ್: ಐದು ವರ್ಷ ಹೋಗಿ ಬಂದವನ ಅನುಭವ

ಚಿಕ್ಕಮಗಳೂರು ಹತ್ತಿರದ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ಕುಡಿತ ಬಿಟ್ಟು ಐದು ವರ್ಷ ಆಗುತ್ತಾ ಬಂತು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಕುಡಿತ ಬಿಡಬೇಕು ಅನ್ನೋರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ. ಇದರ ಮೂರು ಗುಂಪುಗಳಲ್ಲಿ ಕೂತಿದ್ದೇನೆ. ಒಂದೇ ಮೀಟಿಂಗ್ ನೋಡಿ "ಇದು ನಮ್ಮಂಥವರಿಗಲ್ಲ" ಅಂತ ವಾಪಸ್ ಹೋದವರು ತುಂಬಾ ಜನ. ನಾನೂ ಹಾಗೇ ಹೋಗಿದ್ದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋದ ಗುಂಪಿನ ಊರು, ಹೆಸರು ಬೇಡ. ಅಲ್ಲಿ ಒಬ್ಬರೇ ಮುಕ್ಕಾಲು ಗಂಟೆ ಮಾತಾಡಿದರು, ಅರ್ಧಕ್ಕರ್ಧ ಇಂಗ್ಲಿಷ್. ಆಮೇಲೆ ನನ್ನ ಕಡೆ ತಿರುಗಿ "ಹೆಂಡತಿ ಮಕ್ಕಳ ಮುಖ ನೋಡಿಯಾದರೂ ಬಿಡಬಾರದಾ?" ಅಂದರು. ಮುಖ ನೋಡಿ ಬಿಡುವ ಹಾಗಿದ್ದರೆ ಯಾವತ್ತೋ ಬಿಟ್ಟಿರುತ್ತಿದ್ದೆ. ಎದ್ದು ಬಂದೆ. ಮತ್ತೆ ಆರು ತಿಂಗಳು ಕುಡಿದೆ. ಅಷ್ಟರಲ್ಲಿ ಒಂದು ಸಲ ಬಟವಾಡೆ, ಅಂದರೆ ಆಳುಗಳಿಗೆ ಕೂಲಿ ಹಂಚುವ ಲೆಕ್ಕ ತಪ್ಪಿತು. ಆಳುಗಳೆಲ್ಲ ಕಾಯುತ್ತಿದ್ದಾಗ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತಿದ್ದು ಇವತ್ತಿಗೂ ಮರೆತಿಲ್ಲ.

ಎರಡನೇ ಸಲ ಹಾಸನಕ್ಕೆ ಹೋದೆ. ಚಿಕ್ಕಮಗಳೂರಲ್ಲಿ ಯಾರಾದರೂ ಗುರುತು ಹಿಡಿದರೆ ಅನ್ನೋ ಭಯ. ಅದಕ್ಕೇ ಬೇಲೂರು ದಾಟಿ ಅಷ್ಟು ದೂರ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಮುಂದೆ ಬನ್ನಿ ಅಂತ ಯಾರೂ ಕರೆಯಲಿಲ್ಲ. ಒಬ್ಬರು ಟೀ ತಂದರು. ಬೇರೆಯವರಿಗೆಲ್ಲ ತುಂಬಿದ ಲೋಟ, ನನಗೆ ಅರ್ಧ. ಅದು ಖಾಲಿಯಾದ ಮೇಲೆ ಸುಮ್ನೆ ಬಂದು ಇನ್ನರ್ಧ ಹಾಕಿ ಹೋದರು. ಯಾಕೆ ಅಂತ ತಿಂಗಳಾದ ಮೇಲೆ ಗೊತ್ತಾಯಿತು. ಹೊಸಬರ ಕೈ ನಡುಗುತ್ತದೆ, ತುಂಬಾ ಕೊಟ್ಟರೆ ಎಲ್ಲರ ಎದುರು ಚೆಲ್ಲುತ್ತದೆ. ನನ್ನ ಕೈ ನಡುಗಿದ್ದನ್ನು ಅವರು ನೋಡಿದ್ದರು. ನೋಡಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಅಲ್ಲಿ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಕಥೆ ಮಾತ್ರ ಹೇಳಿದರು, ನಮ್ಮ ಕಡೆಯ ಕನ್ನಡದಲ್ಲಿ. ಮಗಳ ಸ್ಕೂಲ್ ಫೀಸ್ ತೆಗೆದುಕೊಂಡು ಹೊರಟವರು ಬಾರಿಗೆ ಹೋದ ಕಥೆ ಕೇಳಿ ನನಗೆ ಉಸಿರು ಕಟ್ಟಿತು. ನಾನೂ ಅದನ್ನೇ ಮಾಡಿದ್ದೆ, ಯಾರಿಗೂ ಹೇಳಿರಲಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇದು ಶುರುವಾಗಿದ್ದೇ ಹೀಗಂತೆ. ಕುಡಿತದಿಂದ ಹಾಳಾಗಿದ್ದ ಇಬ್ಬರು, ಒಬ್ಬರು ಷೇರುಪೇಟೆಯವರು, ಇನ್ನೊಬ್ಬರು ಸರ್ಜನ್, ಎದುರುಬದುರು ಕೂತು ತಮ್ಮ ತಮ್ಮ ಕಥೆ ಹೇಳಿಕೊಂಡಿದ್ದರು.

ದುಡ್ಡಿನ ವಿಚಾರ: ಫೀಸ್ ಇಲ್ಲ. ಡಬ್ಬಿ ಬರುತ್ತದೆ, ಹಾಕಬೇಕು ಅಂತೇನಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು, ನೀವು ಸದಸ್ಯರೇ. ಕುಡಿತದಿಂದ ಹೊರಬರೋಕೆ ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಆದರೆ ದೇವರನ್ನು ನಂಬದವರೂ ನಮ್ಮ ಗುಂಪಿನಲ್ಲಿ ವರ್ಷಗಳಿಂದ ಇದ್ದಾರೆ.

ಓಪನ್ ಮೀಟಿಂಗ್‌ಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಒಂದು ಓಪನ್ ಮೀಟಿಂಗ್‌ಗೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಒಂದು ಮಾತೂ ಆಡಲಿಲ್ಲ. ವಾಪಸ್ ಬಸ್ಸಲ್ಲಿ ಬೇಲೂರು ಬಂದಾಗ ಕೇಳಿದಳು: "ಅವರೂ ನಿಮ್ಮ ಥರಾನೇ ಸುಳ್ಳು ಹೇಳ್ತಿದ್ರಂತೆ, ಅಲ್ವಾ?" ಮನೆಯವರಿಗೆ ಅಂತಲೇ ಅಲ್-ಅನಾನ್ ಅನ್ನೋ ಬೇರೆ ಗುಂಪುಗಳಿವೆ. ನಮಗೆ ಹತ್ತಿರದಲ್ಲಿ ಸಿಗಲಿಲ್ಲ, ಅವಳು ಫೋನಿನಲ್ಲೇ ಸೇರುತ್ತಾಳೆ.

ಕಷ್ಟ ಅಂದರೆ ಕೊಯ್ಲಿನ ಕಾಲ. ಹಣ್ಣು ಶುರುವಾದರೆ ಹಾಸನಕ್ಕೆ ಹೋಗೋದು ಕನಸೇ. ಎರಡನೇ ವರ್ಷ ಆರು ವಾರ ಮೀಟಿಂಗ್ ತಪ್ಪಿತು. ಒಂದು ಬಟವಾಡೆ ಸಂಜೆ ವೈನ್ ಶಾಪ್ ಹತ್ತಿರ ಬರುತ್ತಿದ್ದಂತೆ ಕಾಲು ನಿಧಾನ ಆಯಿತು. ನನ್ನ ಸ್ಪಾನ್ಸರ್‌ಗೆ, ಅಂದರೆ ನನಗೆ ಜೊತೆಯಾಗಿ ದಾರಿ ತೋರಿಸುವ ಗುಂಪಿನ ಹಳಬರಿಗೆ, ಫೋನ್ ಮಾಡಿ "ಅಣ್ಣ, ಅಂಗಡಿ ದಾಟೋವರೆಗೂ ಇಡಬೇಡಿ" ಅಂದೆ. ಅವರು ಕುಡಿತದ ಮಾತೇ ಎತ್ತಲಿಲ್ಲ. ಕಣದಲ್ಲಿ ಹರಡಿದ್ದ ಕಾಫಿ ಮಳೆಗೆ ನೆನೆಯಿತಾ, ಟಾರ್ಪಾಲ್ ಎಷ್ಟಿತ್ತು ಅಂತ ಕೇಳುತ್ತಾ ಹೋದರು. ಮನೆ ಗೇಟ್ ಬಂದೇ ಬಿಟ್ಟಿತ್ತು. ಆಮೇಲೆ ಚಿಕ್ಕಮಗಳೂರಿನ ಗುಂಪಿಗೂ ಸೇರಿಕೊಂಡೆ. ನಾನು ಹೆದರಿದ್ದ ಹಾಗೆ ಅಲ್ಲಿ ಪರಿಚಯದವರು ಇದ್ದೇ ಇದ್ದರು. "ಬನ್ನಿ" ಅಂದರು, ಅಷ್ಟೇ. ಇಷ್ಟು ವರ್ಷದಲ್ಲಿ ಅಲ್ಲಿಯ ಒಂದು ಮಾತೂ ಹೊರಗೆ ಬಂದಿಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೂ ನಮ್ಮ ಕಡೆ ನಡೆಯುತ್ತವೆ. ನಮ್ಮ ತೋಟದ ಇಬ್ಬರು ಅಲ್ಲಿಗೆ ಹೋಗಿ ಬಿಟ್ಟವರು, ಈಗ ಶಿಬಿರದಲ್ಲಿ ಕುಡಿತ ಬಿಟ್ಟವರದೇ ಆದ ನವಜೀವನ ಸಮಿತಿಯಲ್ಲಿದ್ದಾರೆ. ಎಂಟು ದಿನ ರಜೆ ಸಿಗುವವರಿಗೆ ಅದೂ ಒಳ್ಳೆಯ ದಾರಿ.

ಒಂದು ವಿಷಯ ದಯವಿಟ್ಟು ಗಮನಿಸಿ. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಜೀವಕ್ಕೇ ಅಪಾಯ. ಎ.ಎ. ಆಸ್ಪತ್ರೆ ಅಲ್ಲ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ದುಡ್ಡು ಬೀಳಲ್ಲ.

ತೋಟದ ಕಡೆಯಿಂದ ಬರುವವರು ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಮೀಟಿಂಗ್ ಮುಗಿದ ಕೂಡಲೇ ಓಡುವ ಹಾಗಿರಬಾರದು, ಹೊರಗೆ ಐದು ನಿಮಿಷ ನಿಲ್ಲೋಕೆ ಆಗಬೇಕು. ಆ ಅಣ್ಣ ನನಗೆ ಫೋನ್ ನಂಬರ್ ಬರೆದುಕೊಟ್ಟಿದ್ದು ಆ ಐದು ನಿಮಿಷದಲ್ಲೇ, ಬಸ್ ಟಿಕೆಟ್ ಹಿಂದೆ.