ವಿಕ್ಟ್ರೋಲಾ ಪೆಟ್ಟಿಗೆಗೆ ಅರಗೋ, ಮೆಲಮೈನೋ, ಅಗಸೆ ಎಣ್ಣೆಯೋ?

ಅಮೆರಿಕದ ಕ್ಯಾಮ್ಡನ್ನಿನ ವಿಕ್ಟರ್ ಕಂಪನಿ 1906ರಲ್ಲಿ ಗ್ರಾಮಫೋನಿನ ಕಹಳೆಯನ್ನು ಮರದ ಪೆಟ್ಟಿಗೆಯೊಳಗೆ ಅಡಗಿಸಿ ವಿಕ್ಟ್ರೋಲಾ ಎಂಬ ಹೆಸರಿನಲ್ಲಿ ಮಾರಿತು. ಅಲ್ಲಿಂದ ಮುಂದೆ ಹಾಡುವ ಯಂತ್ರ ಪಡಸಾಲೆಯ ಸಾಮಾನೂ ಆಯಿತು. ದುರಸ್ತಿಯೂ ಎರಡು ಪಾಲಾಯಿತು, ಮೋಟಾರಿನದೊಂದು, ಮರದ್ದೊಂದು. ಇದು ಮರದ ಪಾಲು. ಹೋಲಿಕೆಗೆ ಇಟ್ಟುಕೊಂಡದ್ದು ನೆಲದ ಮೇಲೆ ನಿಲ್ಲುವ ವಿವಿ-11 ಮಾದರಿ. ಮಹಾಗನಿ ವೆನಿಯರ್ (ಅಗ್ಗದ ಮರದ ಮೇಲೆ ಅಂಟಿಸಿದ ತೆಳು ಮರದ ಹಾಳೆ), ಪಾಲಿಶ್ ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಪ್ರತಿಯೊಂದು ಪಾಲಿಶನ್ನೂ ಹಿಂಬದಿಯ ಹಲಗೆಯ ಮೇಲೆ ನಾಲ್ಕು ಬೆರಳಗಲದ ಪಟ್ಟಿಯಾಗಿ ಹಚ್ಚಿ ನೋಡಿದ್ದಾಯಿತು.

ಮರ ಮುಟ್ಟುವ ಮುನ್ನ ಮೋಟಾರು ಹೊರಗೆ ಬರಬೇಕು. ತಟ್ಟೆ ತಾನಾಗಿ ನಿಲ್ಲುವ ತನಕ ಓಡಲು ಬಿಟ್ಟು ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿ. ಕೀಲಿ ಕೊಡುವ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮೋಟಾರು ಹಲಗೆಯ ಸ್ಕ್ರೂ ತೆಗೆದು ಎತ್ತಿ. ಸ್ಪ್ರಿಂಗ್ ಇರುವ ದುಂಡು ಡಬ್ಬಿಯನ್ನು ಕುತೂಹಲಕ್ಕೂ ತೆರೆಯಬೇಡಿ, ಬೆರಳು ಹೋದೀತು.

ಇನ್ನು, ಮೇಲಿರುವುದು ಏನೆಂದು ತಿಳಿಯಬೇಕು. ಬಾಗಿಲಿನ ಒಳ ಅಂಚಿನಂಥ ಕಾಣದ ಜಾಗದಲ್ಲಿ ಹತ್ತಿಗೆ ಪಾಲಿಶ್ ಸ್ಪಿರಿಟ್ ಅದ್ದಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾದರೆ ಅರಗು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಬಗ್ಗದಿದ್ದರೆ ಎಣ್ಣೆ ವಾರ್ನಿಶ್, ಇಲ್ಲವೇ ನಂತರ ಯಾರೋ ಬಳಿದದ್ದು. ನಮ್ಮದು ಅರಗು.

ಹಳೆಯದನ್ನು ಕೆರೆದು ತೆಗೆಯುವುದೋ, ಕರಗಿಸಿ ಮತ್ತೆ ಕೂರಿಸುವುದೋ? ಎಡಪಕ್ಕಕ್ಕೆ ಪೇಂಟ್ ರಿಮೂವರ್ ಹಚ್ಚಿದೆವು. ಪಾಲಿಶ್ ಬಂತು, ಜೊತೆಗೆ ಕಾರ್ಖಾನೆಯವರು ಹಾಕಿದ್ದ ಕೆಂಪು ಬಣ್ಣವೂ ಮರದ ರಂಧ್ರ ತುಂಬಿದ್ದ ಫಿಲ್ಲರೂ ಬಂತು. ಉಳಿದದ್ದು ಬೆಳ್ಳಗಾದ, ಹೊಳ್ಳೆ ಬಿಟ್ಟ ಮರ. ಅದಕ್ಕೆ ಮತ್ತೆ ಫಿಲ್ಲರ್ ತುಂಬಿ, ಬಣ್ಣ ಕೊಟ್ಟು, ಪಕ್ಕದ ಹಲಗೆಯ ಜೊತೆ ಹೊಂದಿಸುವುದು ವಾರದ ಕೆಲಸ, ಆದರೂ ಪೂರ್ತಿ ಹೊಂದುವುದಿಲ್ಲ. ಉಪ್ಪುಕಾಗದದ ಆಸೆಯಂತೂ ಬೇಡ. ವೆನಿಯರ್ ಒಂದು ಮಿಲಿಮೀಟರಿನ ಆಸುಪಾಸು, ಮೂಲೆಗಳಲ್ಲಿ ನಾಲ್ಕು ಸಲ ಉಜ್ಜಿದರೆ ಕೆಳಗಿನ ಅಗ್ಗದ ಮರ ಇಣುಕುತ್ತದೆ.

ಬಲಪಕ್ಕದಲ್ಲಿ ಏನನ್ನೂ ಕೆರೆಯಲಿಲ್ಲ. ಮೊದಲು ಟರ್ಪೆಂಟೈನ್ ಬಟ್ಟೆಯಿಂದ ಮೇಣ, ಕೊಳೆ ಒರೆಸಿದೆವು. ಈ ಹಂತ ಬಿಟ್ಟರೆ ಕೊಳೆಯೆಲ್ಲ ಪಾಲಿಶಿನೊಳಗೆ ಕಲಸಿಕೊಂಡು ಕಪ್ಪಗೆ ನಿಲ್ಲುತ್ತದೆ. ಹಲಗೆಯನ್ನು ಮಲಗಿಸಿ ಮೆತ್ತನೆಯ ಬ್ರಷ್ಷಿನಲ್ಲಿ ಸ್ಪಿರಿಟ್ಟನ್ನು ಮರದ ಎಳೆಗಳ ನೇರಕ್ಕೆ ಒಮ್ಮೆ ಹಚ್ಚಿದರೆ, ಬಿರುಕಿನ ಅಂಚುಗಳು ಮೊದಲು ದುಂಡಗಾಗಿ ಆಮೇಲೆ ಒಂದಕ್ಕೊಂದು ಹರಿದು ಕೂಡಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಆಗ ಕೈ ತೆಗೆಯಬೇಕು. ಇನ್ನೊಮ್ಮೆ ಎಳೆದರೆ ಮೆತ್ತಗಾದ ಅರಗು ಬ್ರಷ್ಷಿಗೆ ಅಂಟಿ ಗೀರು ಬೀಳುತ್ತದೆ. ಒಂದು ದಿನ ಒಣಗಿಸಿ, ಬೇಕಿದ್ದರೆ ಎರಡನೇ ಸಲ. ಮೂಲ ಬಣ್ಣ ಹಾಗೇ ಉಳಿಯಿತು. ಅರಗಿನ ಪೆಟ್ಟಿಗೆಯಾದರೆ ಎಡಪಕ್ಕದ ದಾರಿ ಹಿಡಿಯಲು ಕಾರಣವೇ ಇಲ್ಲ.

ಹೊಸ ಪಾಲಿಶಿನ ಲೆಕ್ಕಕ್ಕೆ ಬಂದರೆ, ಮೆಲಮೈನ್ ಎಂಬ ಕೃತಕ ರಾಳದ ಪಾಲಿಶ್ ಗಟ್ಟಿ. ಬಿಸಿ ಕಾಫಿ ಲೋಟ ಇಟ್ಟರೂ ಗುರುತು ಬೀಳಲಿಲ್ಲ, ನೀರಿಗೂ ಹೆದರಲಿಲ್ಲ. ಆದರೆ ಹಳೆಯ ಮೇಣ ಚೂರು ಉಳಿದಿದ್ದ ಕಡೆ ಮೀನಿನ ಕಣ್ಣಿನಂಥ ಗುಳಿಗಳೆದ್ದವು. ಅರಗಿನಲ್ಲೇ ಸ್ವಾಭಾವಿಕ ಮೇಣ ಇರುವುದರಿಂದ ಅದರ ಮೇಲೆ ಇಂಥ ಪಾಲಿಶ್ ಭದ್ರವಾಗಿ ಕೂರುವುದಿಲ್ಲ, ಮುಂದೊಮ್ಮೆ ಸಿಪ್ಪೆಯಾಗಿ ಏಳಬಹುದು. ಒಂದು ಕಡೆ ಗೀರಾದರೆ ಅಲ್ಲಷ್ಟೇ ಸರಿಪಡಿಸಲೂ ಆಗದು. ನೋಡಲಿಕ್ಕೂ ಹೊಸ ವಾರ್ಡ್‌ರೋಬಿನ ಹೊಳಪು.

ಅಗಸೆ ಎಣ್ಣೆ ಸುಲಭ ಅನ್ನಿಸುತ್ತದೆ, ಅಷ್ಟೇ. ಹಳೆ ಅರಗಿನ ಮೇಲೆ ಹಚ್ಚಿದರೆ ಒಳಗಿಳಿಯಲು ದಾರಿಯಿಲ್ಲದೆ ಜಿಗುಟಾಗಿ ನಿಲ್ಲುತ್ತದೆ, ಮಳೆಗಾಲದಲ್ಲಿ ಧೂಳನ್ನೆಲ್ಲ ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು; ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಉಳಿದದ್ದು ಅರಗು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅದೇ ಅರಗು. 500 ಮಿಲಿ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಹಾಳೆ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿ ಬೇಡ, ಕಪ್ಪಾಗುತ್ತದೆ. ಗಂಟೆಗೊಂದರಂತೆ ಮೂರು ತೆಳು ಲೇಪ, ಎರಡು ದಿನ ಬಿಡುವು, 400ರ ನುಣುಪು ಉಪ್ಪುಕಾಗದದಿಂದ ಲೇಪದ ಮೇಲಷ್ಟೇ ಹಗುರ ಉಜ್ಜು. ಕೊನೆಗೆ ಅದೇ ದ್ರಾವಣಕ್ಕೆ ಅಷ್ಟೇ ಸ್ಪಿರಿಟ್ ಸೇರಿಸಿ ತೆಳು ಮಾಡಿ, ಹತ್ತಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿದ ಗಂಟಿನಿಂದ ಸುತ್ತು ಸುತ್ತಾಗಿ ಒರೆಸಬೇಕು. ಗಂಟು ನಿಂತ ಕಡೆ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಚಲಿಸುತ್ತಲೇ ಇಳಿಸಿ, ಚಲಿಸುತ್ತಲೇ ಎತ್ತಿ.

ಅರಗಿನ ದೋಷ ಮುಚ್ಚಿಡುವಂಥದ್ದಲ್ಲ. ಬಿಸಿ ಲೋಟದಡಿ ಬಿಳಿ ಉಂಗುರ ಬಿತ್ತು. ಸ್ಪಿರಿಟ್ ತುಸುವೇ ತಾಗಿಸಿದ ಗಂಟಿನಿಂದ ಸವರಿದಾಗ ಹೋಯಿತು, ಮೆಲಮೈನಿನಲ್ಲಿ ಈ ಸೌಲಭ್ಯವಿಲ್ಲ. ಮೋಡ ಕವಿದ ದಿನ ಹಚ್ಚಿದರೆ ಗಾಳಿಯ ತೇವಕ್ಕೆ ಮಬ್ಬು ಕೂರುತ್ತದೆ. ಕಲಸಿಟ್ಟು ಆರು ತಿಂಗಳಾದ ಅರಗು ಸರಿಯಾಗಿ ಗಟ್ಟಿಯಾಗದಿರಬಹುದು. ಗಾಜಿನ ಮೇಲೆ ಒಂದು ಹನಿ ಸವರಿ, ಮರುದಿನವೂ ಉಗುರಿಗೆ ಅಂಟಿದರೆ ಚೆಲ್ಲಿಬಿಡಿ. ಮುಚ್ಚಳದ ಒಳಬದಿಯಲ್ಲಿರುವ ಕಂಪನಿಯ ಗುರುತಾದ ನಾಯಿ ಚಿತ್ರದ ಹತ್ತಿರ ಸ್ಪಿರಿಟ್ ಸುಳಿಯಕೂಡದು. ಅದು ಅಂಟಿಸಿದ ಚಿತ್ರ, ಒಂದೇ ಒರೆತಕ್ಕೆ ಕಿತ್ತು ಬರುತ್ತದೆ.

ಎದ್ದ ವೆನಿಯರಿಗೆ ಮರಗೆಲಸದ ಬಿಳಿ ಅಂಟೋ, ಹಳೆಯ ಕಾಲದ ಚರ್ಮದ ಅಂಟಾದ ಮರವಜ್ರವೋ ಎಂಬುದು ಇನ್ನೊಂದು ತಕರಾರು. ಬಿಳಿ ಅಂಟು ಹಳೆಯ ವಜ್ರದ ಪುಡಿಯ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಹೊರಗೆ ಸೂಸಿದ ಕಡೆ ಪಾಲಿಶ್ ಕೂರದೆ ಕಲೆ ಉಳಿಯುತ್ತದೆ. ಮರವಜ್ರದ ಹರಳನ್ನು ಎರಡರಷ್ಟು ತೂಕದ ತಣ್ಣೀರಿನಲ್ಲಿ ನೆನೆಸಿ, ಪಾತ್ರೆಯೊಳಗೆ ಪಾತ್ರೆ ಇಟ್ಟು 60 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಬಲ ಹೋಗುತ್ತದೆ. ಹಳೆಯ ವಜ್ರದ ಜೊತೆ ಬೆಸೆದುಕೊಳ್ಳುತ್ತದೆ, ತಪ್ಪಿದರೆ ಬಿಸಿನೀರಿಗೆ ಬಿಡುತ್ತದೆ. ಪ್ರಾಣಿಗಳ ಚರ್ಮದಿಂದ ತೆಗೆದ ಅಂಟು ಮನೆಯಲ್ಲಿ ಬೇಡ ಅನ್ನುವವರು ಹಳೆಯ ಪುಡಿಯನ್ನು ಪೂರ್ತಿ ಕೆರೆದು ತೆಗೆದೇ ಬಿಳಿ ಅಂಟು ಹಾಕಲಿ.

ಕೆಲಸ ನಡೆಯುವ ಕೋಣೆಯಿಂದ ಹಾಡಿನ ತಟ್ಟೆಗಳನ್ನು ಮೊದಲೇ ಸಾಗಿಸಿ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆಗಳಲ್ಲೂ ಇರುವುದು ಅರಗೇ, ಸ್ಪಿರಿಟ್ ಬಿದ್ದರೆ ಗೆರೆಗಳು ಅಳಿಸಿಹೋಗುತ್ತವೆ. ಅವುಗಳಿಗೆ ಸೋಪಿನ ಒಂದು ಹನಿ ಬೆರೆಸಿದ ನೀರು ಸಾಕು, ಲೇಬಲ್ ಮಾತ್ರ ನೆನೆಯಬಾರದು.