ಮೊಲದ ಪೆಲೆಟ್: ಬಿಡಿ ತರೋದಾ, ಪ್ಯಾಕೆಟ್ಟಾ?

ಶಿವಮೊಗ್ಗದಲ್ಲಿ ಮೊಲ ಸಾಕುವವರ ಮುಂದೆ ಎರಡು ದಾರಿ. ಪಶು ಆಹಾರದ ಅಂಗಡಿಯವರು ಮೂಟೆಯಿಂದ ತೂಗಿ ಕೊಡುವ ಬಿಡಿ ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಮೇವು), ಇಲ್ಲವೇ ಸೀಲ್ ಮಾಡಿದ ಪ್ಯಾಕೆಟ್.

ಬಿಡಿ ಅಗ್ಗ. ಆದರೆ ಅದು ಹೆಚ್ಚಾಗಿ ಫಾರಂ ಮೊಲ ಬೇಗ ತೂಕ ಬರಲಿ ಅಂತ ಮಾಡಿದ್ದು, ಪ್ರೋಟೀನ್ ಸುಮಾರು ಶೇ. 16–18. ಮರಿಗೆ ಸರಿ. ಮನೆಯಲ್ಲಿ ಸುಮ್ನೆ ಕೂತಿರುವ ದೊಡ್ಡ ಮೊಲಕ್ಕೆ ಶೇ. 12–14 ಸಾಕು, ನಾರು ಮಾತ್ರ ಶೇ. 18ಕ್ಕಿಂತ ಜಾಸ್ತಿ ಇರಬೇಕು. ಪ್ಯಾಕೆಟ್ ಆದರೆ ಇದನ್ನೆಲ್ಲ ಓದಿ ನೋಡಬಹುದು, ಬಿಡಿಯಾದರೆ ಮೂಟೆಯ ಚೀಟಿ ತೋರಿಸಿ ಅಂತ ಕೇಳಬೇಕು. ಬಣ್ಣದ ಕಾಳು ಬೆರೆಸಿದ ಪ್ಯಾಕೆಟ್ ಮಾತ್ರ ಬೇಡವೇ ಬೇಡ. ಉಪ್ಪಿಟ್ಟಲ್ಲಿ ಮಕ್ಕಳು ಗೋಡಂಬಿ ಆರಿಸಿದ ಹಾಗೆ ಮೊಲವೂ ರುಚಿಯಾದ್ದನ್ನಷ್ಟೇ ಆರಿಸುತ್ತದೆ.

ನಮ್ಮ ಕಡೆ ನಿಜವಾದ ತಲೆನೋವು ಮಳೆಗಾಲ. ಒಂದು ಆಷಾಢದಲ್ಲಿ ಅಗ್ಗ ಅಂತ 10 ಕೆಜಿ ಬಿಡಿ ತಂದು ಚೀಲದಲ್ಲೇ ಅಟ್ಟಕ್ಕೆ ಹಾಕಿದ್ದೆ. ಮೂರೇ ವಾರ. ಮುರಿದರೆ ಟಕ್ ಅನ್ನಬೇಕಾದ ಪೆಲೆಟ್ ಬೆರಳಲ್ಲಿ ಮೆತ್ತಗೆ ಹಿಸುಕಿಹೋಯಿತು, ಮುಗ್ಗಲು ವಾಸನೆ ಬೇರೆ. ಬೂಸ್ಟು ಬಂದ ಮೇಲೆ ಬಿಸಿಲಿಗೆ ಹರಡಿದರೂ ಅದರ ವಿಷ ಹೋಗುವುದಿಲ್ಲ. ಅಷ್ಟೂ ತಿಪ್ಪೆಗೆ. ಅಗ್ಗ ಎಲ್ಲಿ ಬಂತು, ಅಲ್ವಾ?

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಪ್ಯಾಕೆಟ್, ಬೇಸಿಗೆಯಲ್ಲಿ ಚೀಟಿ ನೋಡಿ ಬಿಡಿ ಪೆಲೆಟ್ ತರುತ್ತೇನೆ. ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ಲೆಕ್ಕ. 2 ಕೆಜಿ ಮೊಲಕ್ಕೆ ತಿಂಗಳಿಗೆ ಒಂದೂವರೆ ಕೆಜಿ ಸಾಕು, ಉಳಿದ ಹೊಟ್ಟೆಗೆ ಒಣಹುಲ್ಲು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಹಳೆಯದರ ಮೇಲೆ ಹೊಸದು ಸುರಿಯಬೇಡಿ, ತಳದ ಪುಡಿ ಒರೆಸಿ ತುಂಬಿ.